ಕಿರ್ದಿ, ಉದ್ದರಿ, ಕೊಸರು



ವಾಣಿಜ್ಯದ ವಿಷಯವಾಗಿ ಶಾಸ್ತ್ರೋಕ್ತವಾಗಿ ಮಾತನಾಡಬಲ್ಲ ವಿದ್ವಾಂಸರು ನಮ್ಮಲ್ಲಿ ಬಹು ಮಂದಿ ಇದ್ದಾರೆ. ನಾನು ಆ ಪಂಕ್ತಿಗೆ ಸೇರಿದವನಲ್ಲ. ಮೈಸೂರಿನ ಒಂದು ಬೀದಿಯಲ್ಲಿ ನಮ್ಮ ತಂದೆಯವರ ಕಾಲದಿಂದ ನಡೆದುಬಂದಿರುವ ಒಂದು ದಿನಸಿ ಅಂಗಡಿಯುಂಟು. ಅದರ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಅಕ್ಕಿ ಬೇಳೆ ತೂಗುತ್ತ ಸುಮಾರು ಐವತ್ತು ವರ್ಷಗಳನ್ನು ಕಳೆದವನು ನಾನು. ಇಷ್ಟು ಕಾಲ ಒಂದೇ ಜಾಗದಲ್ಲಿ ಕುಳಿತವನಿಗೆ ಲೋಕಸಂಚಾರದಿಂದ ಬರುವ ತಿಳಿವಳಿಕೆ ಬಾರದು. ಆದರೆ ಲೋಕವೇ ಅವನ ಮುಂದೆ ಸಂಚರಿಸಿ ಹೋಗುವುದರಿಂದ ಬೇರೊಂದು ಬಗೆಯ ತಿಳಿವಳಿಕೆ ಬರುವುದುಂಟು. ಅದರಲ್ಲಿ ಸ್ವಲ್ಪವನ್ನು ತಮ್ಮ ಮುಂದಿಡುವುದಕ್ಕಾಗಿ ನಮ್ಮ ಅಂಗಡಿಯ ಮೂರು ಮಾತುಗಳನ್ನು ಆರಿಸಿಕೊಂಡಿದ್ದೇನೆ. ಕಿರ್ದಿ, ಉದ್ದರಿ, ಕೊಸರು: ಇವೇ ಆ ಮೂರು.

ಮೊದಲನೆಯದು ಕಿರ್ದಿ. ಮರಾಠಿ ದಫ್ತರುಗಳ ಮೂಲಕ ನಮ್ಮಲ್ಲಿಗೆ ಬಂದ ಈ ಶಬ್ದಕ್ಕೆ ದಿನದ ಲೆಕ್ಕದ ಪುಸ್ತಕ ಎಂದರ್ಥ. ಒಂದು ಪಕ್ಕದಲ್ಲಿ ಜಮಾ, ಇನ್ನೊಂದು ಪಕ್ಕದಲ್ಲಿ ಖರ್ಚು. ನಿನ್ನೆಯ ಶಿಲ್ಕಿಗೆ ಇಂದಿನ ಜಮೆಯನ್ನು ಕೂಡಿಸಿ, ಇಂದಿನ ಖರ್ಚನ್ನು ಕಳೆದರೆ ಎಷ್ಟು ಉಳಿಯಬೇಕೋ ಅಷ್ಟು ಹಣ ಪೆಟ್ಟಿಗೆಯಲ್ಲಿರತಕ್ಕದ್ದು. ಕಿರ್ದಿಯಿಂದ ಒಬ್ಬೊಬ್ಬ ವ್ಯಕ್ತಿಯ ಹೆಸರಿಗೆ ಎತ್ತಿ ಬರೆಯುವ ಪುಸ್ತಕ ಖಾತೆ. ವ್ಯವಹಾರವೆಲ್ಲವೂ ಈ ಎರಡು ಪುಸ್ತಕಗಳಲ್ಲಿ ಅಡಗಿದೆ. ಇಟಲಿಯ ಲೂಕಾ ಪಾಚಿಯೋಲಿ ಎಂಬ ಗಣಿತಜ್ಞನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಜೋಡಿ ನಮೂದಿನ ಲೆಕ್ಕದ ಕ್ರಮವನ್ನು ವಿವರಿಸಿದನೆಂದು ಹೇಳುತ್ತಾರೆ. ನಮ್ಮ ತಂದೆಯವರು ಆತನ ಹೆಸರನ್ನು ಕೇಳಿದವರಲ್ಲ. ಆದರೂ ಶಿಲ್ಕು ತಾಳೆಯಾಗದೆ ಅಂಗಡಿಯ ಬಾಗಿಲನ್ನು ಹಾಕಿದವರಲ್ಲ.

ಇದರಲ್ಲಿ ಅವರ ನಿಯಮವೊಂದಿತ್ತು. ಪೆಟ್ಟಿಗೆಯಲ್ಲಿ ಹಣ ಕಡಿಮೆ ಬಂದರೆ ಅವರು ಒಂದು ಸಲ ಕೂಡಿ ನೋಡುತ್ತಿದ್ದರು. ಹೆಚ್ಚು ಬಂದರೆ ಮೂರು ಸಲ ನೋಡುತ್ತಿದ್ದರು. ಹುಡುಗನಾದ ನನಗೆ ಇದು ವಿಪರೀತವಾಗಿ ಕಾಣುತ್ತಿತ್ತು. ಹೆಚ್ಚು ಬಂದರೆ ಸಂತೋಷವಲ್ಲವೆ ಎಂದು ಕೇಳಿದ್ದಕ್ಕೆ ಅವರು, “ಕಡಿಮೆಯಾದರೆ ನನ್ನದು ಹೋಯಿತು, ಅಷ್ಟೇ ತಾನೆ? ಹೆಚ್ಚಾದರೆ ಯಾರದೋ ಒಬ್ಬರದು ನನ್ನಲ್ಲಿ ಬಂದು ಕೂತಿದೆ ಮಗು. ಅವರು ಯಾರು ಅಂತ ಗೊತ್ತಾಗೋ ತನಕ ಅದು ನನ್ನದಲ್ಲ” ಎಂದರು. ಯಾರದೆಂದು ತಿಳಿಯದೆ ಉಳಿದ ಹಣ ಧರ್ಮದ ಖಾತೆಗೆ ಹೋಗುತ್ತಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿ ಕಳುಹಿಸಿದ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಆ ಮಹಾತಾಯಿಯ ಎತ್ತರಕ್ಕೆ ನಮ್ಮಂಥ ವ್ಯಾಪಾರಿಗಳು ಏರಲಾರೆವು. ಲಾಭವಿಲ್ಲದೆ ಅಂಗಡಿಯು ನಡೆಯದು. ಧಾನ್ಯ ಅಳೆಯುವಾಗ ಮೊದಲನೆಯ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ಜನ ನಾವು. ಆದರೂ ಲಾಭ ಯಾವುದು, ಹೆಚ್ಚಾಗಿ ಬಂದದ್ದು ಯಾವುದು ಎಂಬ ವಿವೇಕವನ್ನು ಪ್ರತಿ ರಾತ್ರಿಯೂ ಕಲಿಸುವ ಪುಸ್ತಕ ಕಿರ್ದಿ.

ಈ ಕಾಲದಲ್ಲಿ ಕಿರ್ದಿ ಏತಕ್ಕೆ, ಎಲ್ಲವನ್ನೂ ಫೋನೇ ಬರೆದಿಡುತ್ತದೆಯಲ್ಲ, ಎಂದು ಕೆಲವರು ಕೇಳಬಹುದು. 2016ರಲ್ಲಿ ಯುಪಿಐ ಎಂಬ ಪಾವತಿಯ ಕ್ರಮವು ಬಂದಿತು. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದುವು. ಅಲ್ಲಿಂದ ಮುಂದೆ ಕೆಲವೇ ವರ್ಷಗಳಲ್ಲಿ ನಮ್ಮ ತಕ್ಕಡಿಯ ಪಕ್ಕದಲ್ಲಿ ಚೌಕವಾದ ಚಿತ್ರದ ಹಲಗೆಯೊಂದು ಬಂದು ನಿಂತಿತು. ಬಂದ ಹಣವನ್ನು ಗಟ್ಟಿಯಾಗಿ ಕೂಗಿ ಹೇಳುವ ಪೆಟ್ಟಿಗೆಯೊಂದು ಅದರ ಜೊತೆಗೆ ಬಂದಿತು. ಇದರಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಹರಕು ನೋಟಿನ ಜಗಳ ತಪ್ಪಿತು. ಚಿಲ್ಲರೆಯಿಲ್ಲವೆಂದು ಗಿರಾಕಿಯ ಕೈಗೆ ಪೆಪ್ಪರಮೆಂಟು ಕೊಡುವ ನಾಚಿಕೆಗೇಡು ತಪ್ಪಿತು. ಆದರೆ ಫೋನು ಬರೆದಿಡುವುದು ಹಣ ಬಂದುದನ್ನು ಮಾತ್ರ. ಅದು ಏತಕ್ಕಾಗಿ ಬಂದಿತೆಂಬುದನ್ನಲ್ಲ. 2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ತೆರಿಗೆಯ ನೋಟೀಸುಗಳು ಬಂದುದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ರೂಪಾಯಿಗಳ ವಹಿವಾಟನ್ನು ಮೀರಿದರೆ ನೋಂದಾಯಿಸಿಕೊಳ್ಳಬೇಕೆಂಬುದು ನಿಯಮ. ಆಗ ಹಲವು ಅಂಗಡಿಗಳಲ್ಲಿ ನಗದು ಮಾತ್ರವೆಂಬ ಬೋರ್ಡುಗಳು ತೂಗಾಡಿದುವು. ಆ ವಿವಾದದ ನ್ಯಾಯಾನ್ಯಾಯಗಳನ್ನು ಇಲ್ಲಿ ಚರ್ಚಿಸುವುದು ನನ್ನ ಉದ್ದೇಶವಲ್ಲ. ನಾನು ಕಂಡದ್ದಿಷ್ಟೆ. ಅಳಿಯನು ಕೈಗಡವಾಗಿ ಕಳುಹಿಸಿದ ಹಣ, ಚೀಟಿಯ ಹಣ, ಸೊಪ್ಪು ಮಾರಿದ ಹಣ, ಎಲ್ಲವೂ ಫೋನಿನ ಲೆಕ್ಕದಲ್ಲಿ ಒಂದೇ ಬಣ್ಣವಾಗಿ ಕಾಣುತ್ತವೆ. ಇದು ಇಂಥದು ಎಂದು ಬಿಡಿಸಿ ಹೇಳಲು ತನ್ನ ಕೈಯಾರೆ ಬರೆದ ಕಿರ್ದಿಯಿದ್ದವನಿಗೆ ಉತ್ತರ ಕೊಡುವುದು ಸುಲಭವಾಯಿತು. ಯಂತ್ರವು ಎಣಿಸಬಲ್ಲುದು, ವಿಂಗಡಿಸಬೇಕಾದವರು ನಾವೇ.

ಎರಡನೆಯ ಮಾತು ಉದ್ದರಿ. ಸಂಸ್ಕೃತದ ಉದ್ಧಾರ ಶಬ್ದವೇ ತಿರುಗಿ ತಿರುಗಿ ಅಂಗಡಿಗೆ ಬಂದು ಉದ್ದರಿಯಾಯಿತೆಂದು ಬಲ್ಲವರು ಹೇಳುತ್ತಾರೆ. ಉದ್ದರಿಯಿಂದ ಉದ್ಧಾರವಾದ ಅಂಗಡಿಗಳು ಎಷ್ಟೋ, ಮುಳುಗಿದ ಅಂಗಡಿಗಳು ಎಷ್ಟೋ! ‘ಇಂದು ನಗದು, ನಾಳೆ ಉದ್ದರಿ’ ಎಂಬ ಬೋರ್ಡನ್ನು ತಾವು ನೋಡಿರಬಹುದು. ಆ ನಾಳೆ ಎಂಬುದು ಎಂದಿಗೂ ಬಾರದೆಂಬುದೇ ಅದರ ಚಮತ್ಕಾರ. ಆದರೆ ಅನುಭವದಿಂದ ಹೇಳುತ್ತೇನೆ: ಆ ಬೋರ್ಡನ್ನು ಹಾಕಿದ ಅಂಗಡಿಗಳಲ್ಲಿಯೂ ಅದರ ಕೆಳಗೇ ಒಂದು ಉದ್ದರಿಯ ಪುಸ್ತಕವಿರುತ್ತದೆ. ಏಕೆಂದರೆ ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಹಸಿವು ದಿನ ದಿನ ಬರುತ್ತದೆ, ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಇವೆರಡರ ನಡುವಣ ಹಳ್ಳವನ್ನು ದಾಟಿಸುವ ದೋಣಿ ಉದ್ದರಿ. ನಮಗೆ ಸಂತೆಪೇಟೆಯ ಮಂಡಿಯವರು ಹದಿನೈದು ದಿನಗಳ ಅವಕಾಶ ಕೊಡುತ್ತಾರೆ. ನಾವು ಗಿರಾಕಿಗೆ ಒಂದು ತಿಂಗಳು ಕೊಡುತ್ತೇವೆ. ಈ ಹದಿನೈದು ದಿನಗಳ ಅಂತರದ ಭಾರವನ್ನು ಹೊರುವುದೇ ಸಣ್ಣ ಅಂಗಡಿಯವನ ಕಸಬು.

ಈ ಉದ್ದರಿಗೆ ಬಡ್ಡಿಯಿಲ್ಲ, ಪತ್ರವಿಲ್ಲ, ಜಾಮೀನಿಲ್ಲ. ಇರುವುದು ಪತ್ತು ಒಂದೇ. ಪತ್ತು ಎಂದರೆ ನಂಬಿಕೆ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರಿಗಾಗಿ ಆರಂಭಿಸಿದ ಸಂಘವು ಪತ್ತಿನ ಸಹಕಾರಿ ಸಂಘವೆಂಬ ವರ್ಗಕ್ಕೆ ಸೇರಿದುದು. ಸಾಲದ ಸಂಘಕ್ಕೆ ನಂಬಿಕೆಯ ಹೆಸರನ್ನಿಟ್ಟ ಹಿರಿಯರ ಬುದ್ಧಿಯನ್ನು ಮೆಚ್ಚಬೇಕು. ನೆರೆಯವರು ನೆರೆಯವರನ್ನು ಬಲ್ಲರು. ಬಲ್ಲವರು ಕೊಟ್ಟ ಸಾಲವು ಸಾಲಗಾರನನ್ನು ಕೆಡಿಸುವುದು ಕಡಿಮೆ. ಅಂಗಡಿಯ ಉದ್ದರಿಯ ಗುಟ್ಟೂ ಇದೇ. ಕೊಡುವವನ ಕಣ್ಣೇ ಅದಕ್ಕೆ ಮಿತಿ.

ಒಂದು ಉದಾಹರಣೆಯನ್ನು ಹೇಳುತ್ತೇನೆ. ಗಾರೆ ಕೆಲಸದವನೊಬ್ಬನ ಹೆಂಡತಿ ಒಂದು ಸಂಜೆ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತನ್ನು ನೋಡಿ ಬಂದು, “ಶೆಟ್ಟರೇ, ನಮ್ಮ ಮನೆಯೋರು ಬಂದರೆ ಅಕ್ಕಿ, ಬೇಳೆ, ಎಣ್ಣೆಗೆ ಬರಕೊಳ್ಳಿ. ಬೀಡಿ, ಸಿಗರೇಟಿಗೆ ಬರೀಬೇಡಿ” ಎಂದಳು. “ಆಗಲಿ ತಾಯಿ” ಎಂದೆ. ಎರಡು ದಿನಗಳ ಮೇಲೆ ಅವನು ಬಂದು ಸಿಗರೇಟು ಕೇಳಿದ. ನಗದು ಕೊಡಪ್ಪ ಎಂದೆ. “ಯಾಕೆ ಶೆಟ್ಟರೇ, ನನ್ನ ಮೇಲೆ ನಂಬಿಕೆ ಇಲ್ಲವಾ?” ಎಂದು ಅವನು ಕೆರಳಿದ. ಹೆಂಡತಿಯ ಹೆಸರನ್ನು ಹೇಳಿದರೆ ಆ ರಾತ್ರಿ ಅವಳ ಬೆನ್ನು ಉಳಿಯುವುದಿಲ್ಲ. “ಹೊಗೆಸೊಪ್ಪಿನ ಸಾಮಾನಿಗೆ ನಮ್ಮ ಅಂಗಡಿಯಲ್ಲಿ ಇವತ್ತಿನಿಂದ ಯಾರಿಗೂ ಉದ್ದರಿ ಇಲ್ಲ ಕಣಪ್ಪ” ಎಂದೆ. ಆ ಮಾತು ಸುಳ್ಳಾಗಬಾರದೆಂದು ಅಂದಿನಿಂದ ಯಾರಿಗೂ ಕೊಡಲಿಲ್ಲ. ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಆ ಸಂಸಾರದ ಅಕ್ಕಿಯ ಬಾಕಿ ಮಾತ್ರ ತಿಂಗಳು ತಿಂಗಳು ತೀರುತ್ತ ಬಂದಿತು. ಈಗ ಫೋನಿನಲ್ಲಿಯೇ ಸಾಲ ಕೊಡುವ ಏರ್ಪಾಡುಗಳು ಬಂದಿವೆ. ಕೇಳಿದ ಕೆಲವು ನಿಮಿಷಗಳಲ್ಲಿ ಹಣ ಬರುತ್ತದೆ. ಗಡುವು ಮೀರಿದರೆ ಬಡ್ಡಿಯೂ ದಂಡವೂ ಬೆಳೆಯುತ್ತವೆ. ಅದನ್ನು ಕೊಡುವ ಯಂತ್ರವು ಸಾಲಗಾರನ ಹಿಂದಿನ ಪಾವತಿಗಳನ್ನು ಚೆನ್ನಾಗಿ ಬಲ್ಲುದು. ಆದರೆ ಅವನ ಹೆಂಡತಿಯು ಬಂದು ಮೆಲ್ಲನೆ ಒಂದು ಮಾತು ಹೇಳಿ ಹೋಗುವುದಕ್ಕೆ ಅಲ್ಲಿ ಬಾಗಿಲಿಲ್ಲ.

ಉದ್ದರಿಗೆ ದೊಡ್ಡ ಪರೀಕ್ಷೆ ಬಂದದ್ದು 2020ರಲ್ಲಿ. ಕೊರೊನಾ ರೋಗದ ನಿಮಿತ್ತ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ದಿನಸಿ ಮೊದಲಾದ ಅಗತ್ಯ ವಸ್ತುಗಳ ಅಂಗಡಿಗಳನ್ನು ಮಾತ್ರ ಗೊತ್ತಾದ ಹೊತ್ತಿನಲ್ಲಿ ತೆರೆಯಬಹುದಾಗಿತ್ತು. ಗಾರೆಯವರು, ಆಟೋ ಓಡಿಸುವವರು, ಮನೆಗೆಲಸದವರು, ಹೋಟೆಲಿನ ಮಾಣಿಗಳು, ಇವರೆಲ್ಲರ ಸಂಪಾದನೆ ಒಂದೇ ದಿನ ನಿಂತುಹೋಯಿತು. ನಮಗೆ ಸರಕು ಕೊಡುವವರೋ ಇನ್ನು ನಗದು ಕೊಟ್ಟರೇ ಮೂಟೆ ಎತ್ತುವುದು ಎಂದರು. ಅವರನ್ನು ದೂರುವಂತಿಲ್ಲ, ಅವರಿಗೂ ಮೇಲಿನವರು ಹಾಗೆಯೇ ಹೇಳಿದ್ದರು. ದಾಟಿಸಬೇಕಾದ ಹಳ್ಳ ಅಗಲವಾಯಿತು, ದೋಣಿ ಚಿಕ್ಕದಾಯಿತು. ನನ್ನ ಮಗನು ಖಾತೆಯನ್ನು ಬಿಡಿಸಿ ಮುಂದಿಟ್ಟು, “ಅಪ್ಪಾ, ಇದು ಅಂಗಡಿಯೋ ಅನ್ನಛತ್ರವೋ?” ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅದು. ಅಂಗಡಿಯು ಮುಳುಗಿದರೆ ನಾಳೆ ಉದ್ದರಿ ಕೊಡುವುದಕ್ಕೂ ಯಾರೂ ಇರುವುದಿಲ್ಲ.

ನಾವಿಬ್ಬರೂ ಕುಳಿತು ಒಂದು ಕಟ್ಟನ್ನು ಮಾಡಿಕೊಂಡೆವು. ಅಕ್ಕಿ, ರಾಗಿ, ಬೇಳೆ, ಎಣ್ಣೆ, ಉಪ್ಪು, ಸೋಪು, ಮಗುವಿರುವ ಮನೆಗೆ ಹಾಲಿನ ಪುಡಿ: ಇವಕ್ಕೆ ಉದ್ದರಿಯುಂಟು, ಉಳಿದ ಯಾವುದಕ್ಕೂ ಇಲ್ಲ. ಮನೆಯಲ್ಲಿ ಎಷ್ಟು ಬಾಯಿಗಳಿವೆಯೋ ಅಷ್ಟಕ್ಕೆ ತಕ್ಕಂತೆ ವಾರಕ್ಕೊಮ್ಮೆ ಕೊಡುವುದು. ನಗದು ಕೊಡಬಲ್ಲವರು ನಗದನ್ನೇ ಕೊಡಬೇಕೆಂದು ಕೇಳಿಕೊಳ್ಳುವುದು. ಹೀಗೆ ಕೇಳಿಕೊಂಡಾಗ ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಎರಡು ತಿಂಗಳ ಸಾಮಾನಿನ ಹಣವನ್ನು ಮುಂಗಡವಾಗಿಯೇ ಕೊಟ್ಟು, “ನನ್ನ ಹೆಸರಲ್ಲಿ ಜಮಾ ಇಟ್ಟುಕೊಳ್ಳಿ ಶೆಟ್ಟರೆ, ನಾನು ತಿಂಗಳು ತಿಂಗಳು ಕಳೀತೀನಿ” ಎಂದರು. ಗಿರಾಕಿಯು ಅಂಗಡಿಗೆ ಉದ್ದರಿ ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಅವರನ್ನು ನೋಡಿ ಇನ್ನೂ ಕೆಲವರು ಹಾಗೆಯೇ ಮಾಡಿದರು. ಆ ಹಣದಿಂದ ಮಂಡಿಯಲ್ಲಿ ಮೂಟೆಗಳೆದ್ದುವು.

ಮುಂದೆ ಏನಾಯಿತೆಂದು ತಾವು ಕೇಳಬಹುದು. ‘ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ’ ಎಂಬ ಗಾದೆಯು ಸುಳ್ಳೆಂದು ಹೇಳಲಾರೆ. ಪೂರ್ತಿ ನಿಜವೆಂದೂ ಹೇಳಲಾರೆ. ಹೆಚ್ಚಿನವರು ಒಂದೆರಡು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತೀರಿಸಿದರು. ತಮ್ಮ ಊರಿಗೆ ಹೋದ ಒಬ್ಬನು ಬಹು ದಿನಗಳ ಮೇಲೆ ಫೋನಿನ ಮೂಲಕವೇ ಹಣವನ್ನು ಕಳುಹಿಸಿ, ಅಕ್ಕಿಯ ಬಾಕಿ ಎಂದು ಎರಡು ಮಾತು ಬರೆದಿದ್ದನು. ಆ ದಿನ ಕೂಗುವ ಪೆಟ್ಟಿಗೆಯ ದನಿಯು ನನಗೆ ಬಹಳ ಇಂಪಾಗಿ ಕೇಳಿಸಿತು. ಕೆಲವರು ಬರಲೇ ಇಲ್ಲ. ಇಬ್ಬರು ಆ ರೋಗದಲ್ಲಿಯೇ ತೀರಿಕೊಂಡರು.

ಸತ್ತವರ ಬಾಕಿಯ ವಿಷಯದಲ್ಲಿ ನಮ್ಮ ಅಂಗಡಿಯಲ್ಲಿ ಹಳೆಯ ಪದ್ಧತಿಯೊಂದುಂಟು. ಸೂತಕದ ಮನೆಯ ಮುಂದೆ ಲೆಕ್ಕದ ಮಾತನ್ನೆತ್ತುವುದಿಲ್ಲ. ಮನೆಯವರು ತಾವಾಗಿ ತಂದುಕೊಟ್ಟರೆ ತೆಗೆದುಕೊಳ್ಳುವುದು, ಇಲ್ಲದಿದ್ದರೆ ಬಿಡುವುದು. ಆದರೆ ಬಿಡುವುದೆಂದರೆ ಹಾಳೆಯನ್ನು ಹರಿದು ಹಾಕುವುದಲ್ಲ. ಅವರ ಖಾತೆಯಲ್ಲಿ ಆ ಮೊಬಲಗನ್ನು ಜಮಾ ಬರೆದು ಧರ್ಮದ ಖಾತೆಗೆ ಖರ್ಚು ಹಾಕಬೇಕು. ಕೊಟ್ಟದ್ದಕ್ಕೂ ಲೆಕ್ಕವಿರಬೇಕು, ಬಿಟ್ಟದ್ದಕ್ಕೂ ಲೆಕ್ಕವಿರಬೇಕು. ಲೆಕ್ಕವಿಲ್ಲದೆ ಬಿಟ್ಟವನು ಮುಂದೊಂದು ದಿನ ತಾನು ಎಷ್ಟೋ ಕೊಟ್ಟೆನೆಂದು ಬೀಗುತ್ತಾನೆ; ಬರೆದು ಬಿಟ್ಟವನಿಗೆ ತಾನು ಬಿಟ್ಟದ್ದು ಎಷ್ಟು ಸಣ್ಣದೆಂಬುದು ಕಣ್ಣಿಗೆ ಕಾಣುತ್ತದೆ. ಈಗ ನನ್ನ ಮಗನು ಖಾತೆಯನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಾನೆ. ಅದರಲ್ಲಿಯೂ ಧರ್ಮದ ಖಾತೆಗೆ ಒಂದು ಪುಟವನ್ನು ತೆರೆದಿದ್ದಾನೆ. ನಾನು ಹೇಳದೆಯೇ ತೆರೆದನೆಂಬುದು ನನ್ನ ಸಮಾಧಾನ.

ಮೂರನೆಯ ಮಾತು ಕೊಸರು. ಕಿರ್ದಿ, ಉದ್ದರಿಗಳು ಹೊರಗಿನಿಂದ ಬಂದ ಮಾತುಗಳು. ಕೊಸರು ನಮ್ಮ ಅಚ್ಚಗನ್ನಡದ ಮಾತು. ತೂಗಿದ ಮೇಲೆ ಒಂದು ಹಿಡಿ, ಅಳೆದ ಮೇಲೆ ಒಂದು ಚಿಟಿಕೆ, ತರಕಾರಿಯ ಜೊತೆಗೆ ಒಂದೆಸಳು ಕರಿಬೇವು, ಇದು ಕೊಸರು. ಇದು ಗಿರಾಕಿಯ ಹಟಕ್ಕೆ ವ್ಯಾಪಾರಿಯು ಸೋತು ಕೊಡುವುದೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಇದರಲ್ಲಿ ಒಂದು ನ್ಯಾಯವಿದೆ.

1800ನೆಯ ಇಸವಿಯಲ್ಲಿ ಮೈಸೂರು ಸೀಮೆಯ ಸಂಚಾರಕ್ಕೆ ಹೊರಟ ಫ್ರಾನ್ಸಿಸ್ ಬುಕಾನನನು ಇಲ್ಲಿನ ಅಳತೆಗಳ ವೈವಿಧ್ಯವನ್ನು ಬರೆದಿಟ್ಟಿದ್ದಾನೆ. ಸೇರು ಎಂಬ ಹೆಸರು ಒಂದೇ. ಕಚ್ಚಾ ಸೇರಾದರೆ 24 ರೂಪಾಯಿಗಳ ತೂಕ, ಪಕ್ಕಾ ಸೇರಾದರೆ 84 ರೂಪಾಯಿಗಳ ತೂಕ. ಸಾಲದೆಂದು ರಾಶಿಯೇರಿಸಿ ಅಳೆಯುವುದು ಒಂದು, ತಲೆ ಹೊಡೆದು ಅಳೆಯುವುದು ಇನ್ನೊಂದು. ತಕ್ಕಡಿಯ ದಂಡಿಗೆ ಸವೆಯುತ್ತದೆ, ಕಲ್ಲು ಸವೆಯುತ್ತದೆ, ಕಾಳಿನಲ್ಲಿ ತೇವವಿರುತ್ತದೆ. ಎಷ್ಟು ನಿಷ್ಠೆಯಿಂದ ತೂಗಿದರೂ ಒಂದಿಷ್ಟು ಹೆಚ್ಚುಕಡಿಮೆ ಆಗಿಯೇ ತೀರುತ್ತದೆ. ಆ ಹೆಚ್ಚುಕಡಿಮೆಯು ಗಿರಾಕಿಯ ಕಡೆಗೇ ವಾಲಲಿ ಎಂದು ತೂಗುವವನು ಮೊದಲೇ ಒಪ್ಪಿಕೊಳ್ಳುವುದೇ ಕೊಸರು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬುದನ್ನು ಅರಿತ ವ್ಯಾಪಾರಿಯು ಅಡಿಕೆಯನ್ನು ಬಿಟ್ಟುಕೊಟ್ಟು ಮಾನವನ್ನು ಉಳಿಸಿಕೊಳ್ಳುತ್ತಿದ್ದನು.

1957ರ ಏಪ್ರಿಲ್ 1ರಂದು ಆಣೆಗಳು ಹೋಗಿ ನಯಾಪೈಸೆಗಳು ಬಂದಾಗ ಇದೇ ಪ್ರಶ್ನೆ ಎದ್ದಿತಂತೆ. ರೂಪಾಯಿಗೆ ಹದಿನಾರು ಆಣೆಯಾದರೆ, ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಸರ್ಕಾರದ ಕೋಷ್ಟಕದಲ್ಲಿ ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಬುದ್ಧಿವಂತ ಗಿರಾಕಿಗಳು ಮೂರಾಣೆಯ ಸಾಮಾನನ್ನು ಒಟ್ಟಿಗೆ ಕೊಳ್ಳದೆ ಒಂದೊಂದಾಣೆಯಂತೆ ಮೂರು ಸಲ ಕೊಂಡು, 19ರ ಬದಲು 18 ಪೈಸೆ ಕೊಟ್ಟು ನಗುತ್ತಿದ್ದರೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಅವರು ಆ ಪೈಸೆಗಾಗಿ ವಾದಿಸಲಿಲ್ಲ. ಅದು ಹೊಸ ನಾಣ್ಯದ ಕೊಸರು ಎಂದು ಬಿಟ್ಟರು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದಾಗಲೂ ಸೇರಿನ ಲೆಕ್ಕದವರಿಗೆ ಕಿಲೋಗ್ರಾಮನ್ನು ಒಪ್ಪಿಸಿದ್ದು ಆ ಕೊಸರಿನ ಹಿಡಿಯೇ.

ಈಗ ಅಂಕಿ ತೋರಿಸುವ ತಕ್ಕಡಿಗಳಿವೆ. ತೂಕವನ್ನು ಅಚ್ಚು ಹಾಕಿದ ಪೊಟ್ಟಣಗಳಿವೆ. ಮೋಸ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಪೊಟ್ಟಣದಲ್ಲಿ ಕೊಸರಿಗೆ ಎಡೆಯಿಲ್ಲ. ಹಾಗಾದರೆ ಕೊಸರಿನ ಕಾಲ ಮುಗಿಯಿತೆ? ನನಗೆ ಹಾಗೆ ತೋರುವುದಿಲ್ಲ. ಸಾಮಾನಿನಲ್ಲಿ ಕೊಡಲಾಗದ ಕೊಸರನ್ನು ಬೇರೆ ರೂಪದಲ್ಲಿ ಕೊಡಬಹುದು. ಕಣ್ಣು ಮಂಜಾದ ಮುದುಕರಿಗೆ ಔಷಧದ ಚೀಟಿಯನ್ನು ಓದಿ ಹೇಳುವುದು, ಒಂಟಿ ಹೆಂಗಸಿನ ಚೀಲವನ್ನು ಹುಡುಗನ ಕೈಯಲ್ಲಿ ಮನೆಗೆ ಕಳುಹಿಸುವುದು, ದಿನವೂ ಬರುವವರು ಎರಡು ದಿನ ಬಾರದಿದ್ದರೆ ವಿಚಾರಿಸುವುದು, ಇವೆಲ್ಲ ಕೊಸರೇ. ಇದು ಅಂಗಡಿಗೆ ಮಾತ್ರ ಸೇರಿದ ಮಾತಲ್ಲ. ಕಚೇರಿಯ ಗುಮಾಸ್ತನು ಅರ್ಜಿ ತಂದ ಹಳ್ಳಿಯವನಿಗೆ ಮುಂದಿನ ಬಾಗಿಲು ಯಾವುದೆಂದು ತೋರಿಸುವುದೂ, ಉಪಾಧ್ಯಾಯನು ಗಂಟೆ ಹೊಡೆದ ಮೇಲೂ ಒಂದು ಪ್ರಶ್ನೆಗೆ ನಿಂತು ಉತ್ತರ ಕೊಡುವುದೂ ಕೊಸರಲ್ಲದೆ ಮತ್ತೇನು? ಸಂಬಳವು ಅಳತೆಗೆ ಸಿಕ್ಕುತ್ತದೆ. ಕೆಲಸವು ಪೂರ್ತಿಯಾಗಿ ಅಳತೆಗೆ ಸಿಕ್ಕುವುದಿಲ್ಲ. ಆ ಉಳಿಕೆಯಲ್ಲಿಯೇ ಕೆಲಸಗಾರನ ಮರ್ಯಾದೆ ಇರುವುದು.

ಹೀಗೆ ಮೂರು ಮಾತುಗಳಾದುವು. ಇವು ಮೂರೂ ಒಂದನ್ನೊಂದು ಹಿಡಿದು ನಿಲ್ಲುವಂಥವು. ಕಿರ್ದಿಯೊಂದೇ ಇದ್ದರೆ ಮನುಷ್ಯನು ಜಿಪುಣನಾಗುವ ಭಯವುಂಟು. ಉದ್ದರಿಯೊಂದೇ ಇದ್ದರೆ ಅಂಗಡಿಯು ಮುಳುಗುತ್ತದೆ. ಕೊಸರೊಂದೇ ಇದ್ದರೆ ಅದು ಬರಿಯ ಆಡಂಬರವಾದೀತು. ತನ್ನ ಬಗ್ಗೆ ಕಟ್ಟುನಿಟ್ಟಿನ ಲೆಕ್ಕ, ನೆರೆಯವರ ಬಗ್ಗೆ ಮಿತಿಯರಿತ ನಂಬಿಕೆ, ಎರಡಕ್ಕೂ ಮೇಲೆ ಒಂದು ಹಿಡಿ ಔದಾರ್ಯ: ಇವು ಅಂಗಡಿಗೆ ಹೇಗೋ ಸಂಸಾರಕ್ಕೂ ಹಾಗೆಯೇ. ಮನೆಯಲ್ಲಿಯೂ ಒಂದು ಕಿರ್ದಿಯನ್ನಿಡುವ ಅಭ್ಯಾಸವಿಲ್ಲದವರು ಈ ರಾತ್ರಿಯೇ ಹತ್ತು ರೂಪಾಯಿಗಳ ಒಂದು ನೋಟು ಪುಸ್ತಕದಲ್ಲಿ ಆರಂಭಿಸಬಹುದು. ಒಂದು ತಿಂಗಳು ಬರೆದು ನೋಡಿದರೆ, ತಮ್ಮ ಹಣ ಹೋದ ದಾರಿ ಮಾತ್ರವಲ್ಲದೆ ತಮ್ಮ ಮನಸ್ಸು ಹೋದ ದಾರಿಯೂ ಅಲ್ಲಿ ತಿಳಿಯುತ್ತದೆ.

ನನಗೆ ಗೊತ್ತುಮಾಡಿದ್ದ ಹೊತ್ತು ಮುಗಿಯುತ್ತ ಬಂದಿತು. ಬಾನುಲಿಯ ಗಡಿಯಾರವು ತಲೆ ಹೊಡೆದು ಅಳೆಯುವಂಥದು. ಅಲ್ಲಿ ಕೊಸರಿಗೆ ಅವಕಾಶವಿಲ್ಲ. ಇಷ್ಟು ಹೊತ್ತು ಸಮಾಧಾನದಿಂದ ಕೇಳಿದ ತಮ್ಮ ಉಪಕಾರವನ್ನು ನನ್ನ ಖಾತೆಗೆ ಉದ್ದರಿಯೆಂದು ಬರೆದುಕೊಳ್ಳಬೇಕೆಂದು ಬೇಡುತ್ತೇನೆ.